ಕೈಯೆತ್ತುವುದೋ, ಗುಂಡಿಯೊತ್ತುವುದೋ?

‘ಅರ್ಥವಾಯಿತೇ?’ ಎಂದು ಮೇಷ್ಟ್ರು ಕೇಳಿದಾಗ ಇಡೀ ತರಗತಿ ಒಟ್ಟಾಗಿ ತಲೆಯಾಡಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಂಡಿದ್ದೇವೆ ಏನು, ನಾವೂ ಆಡಿಸಿದ್ದೇವೆ. ಅರ್ಥವಾದವನೂ ಆಡಿಸುತ್ತಾನೆ, ಆಗದವನೂ ಆಡಿಸುತ್ತಾನೆ, ಪ್ರಶ್ನೆಯನ್ನೇ ಕೇಳಿಸಿಕೊಳ್ಳದೆ ಕಿಟಕಿಯಾಚೆ ನೋಡುತ್ತಿದ್ದವನು ಎಲ್ಲರಿಗಿಂತ ಜೋರಾಗಿ ಆಡಿಸುತ್ತಾನೆ. ಮೇಷ್ಟ್ರಿಗೆ ಸಮಾಧಾನವಾಗಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಈ ತಲೆಯಾಟ ಸುಳ್ಳಲ್ಲವೇ? ಸುಳ್ಳೇ ಆದರೆ ಅದು ಯಾರ ಸುಳ್ಳು? ಹುಡುಗನದೆಂದು ಹೇಳಿ ಮುಗಿಸುವುದು ಸುಲಭ. ಆದರೆ ‘ಇಲ್ಲ’ ಎಂದು ಉತ್ತರಿಸಿದರೆ ಏನಾಗುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತು. ನಲವತ್ತು ಮುಖಗಳು ಅವನತ್ತ ತಿರುಗುತ್ತವೆ, ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗೆಯೊಂದು ಬರುತ್ತದೆ, ಮೇಷ್ಟ್ರು ‘ಇಷ್ಟು ಹೊತ್ತು ಏನು ಕೇಳಿದೆಯೋ?’ ಎನ್ನುತ್ತಾರೆ. ನಿಜ ಹೇಳಿದವನಿಗೆ ದಂಡವಿಟ್ಟು ನಿಜವನ್ನು ಕೇಳುವುದು ಎಷ್ಟರಮಟ್ಟಿಗೆ ನ್ಯಾಯ ಎಂಬ ಪ್ರಶ್ನೆ, ನೋಡಿದರೆ ಪಾಠಶಾಲೆಯದು, ಯೋಚಿಸಿದರೆ ನೀತಿಯದು.

ಈಚಿನ ದಶಕಗಳಲ್ಲಿ ಈ ತೊಡಕಿಗೆ ಒಂದು ಯಂತ್ರದ ಪರಿಹಾರ ಬಂದಿದೆ. ಪ್ರತಿ ವಿದ್ಯಾರ್ಥಿಯ ಕೈಯಲ್ಲಿ ಟೆಲಿವಿಷನ್ ರಿಮೋಟಿನಂಥ ಒಂದು ಪುಟ್ಟ ಪೆಟ್ಟಿಗೆ. ಅದಕ್ಕೆ ಕ್ಲಿಕ್ಕರ್ ಎಂದು ಹೆಸರು. ಅಧ್ಯಾಪಕರು ಒಂದು ಪ್ರಶ್ನೆಯನ್ನೂ ನಾಲ್ಕು ಉತ್ತರಗಳನ್ನೂ ಪರದೆಯ ಮೇಲೆ ತೋರಿಸುತ್ತಾರೆ; ಪ್ರತಿಯೊಬ್ಬರೂ ತಮಗೆ ಸರಿತೋರಿದ ಗುಂಡಿಯನ್ನು ಒತ್ತುತ್ತಾರೆ; ಎಷ್ಟು ಮಂದಿ ಯಾವುದನ್ನು ಆರಿಸಿದರೆಂಬುದು ಕ್ಷಣಾರ್ಧದಲ್ಲಿ ಅಧ್ಯಾಪಕರ ಮುಂದೆ ಮೂಡುತ್ತದೆ. ಪಕ್ಕದವನಿಗೆ ನನ್ನ ಉತ್ತರ ತಿಳಿಯದು, ಆದರೆ ಉತ್ತರ ಕೊಡದೆ ಮರೆಯಲ್ಲಿ ಕೂರುವಂತೆಯೂ ಇಲ್ಲ. ಇದೇನೂ ನಿನ್ನೆ ಮೊನ್ನೆಯ ಕಲ್ಪನೆಯಲ್ಲ. 1960ರ ದಶಕದಲ್ಲಿಯೇ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಕುರ್ಚಿಗಳಿಗೆ ತಂತಿ ಎಳೆದು ಗುಂಡಿಗಳನ್ನು ಜೋಡಿಸಿದ್ದವು. ಈಗ ತಂತಿಯೂ ಹೋಗಿದೆ, ಹಲವು ಕಡೆ ಪೆಟ್ಟಿಗೆಯೂ ಹೋಗಿ ಅವರವರ ಮೊಬೈಲ್ ಫೋನೇ ಆ ಕೆಲಸ ಮಾಡುತ್ತಿದೆ.

ಯಂತ್ರಕ್ಕಿಂತ ಮುಖ್ಯವಾದದ್ದು ಅದರ ಹಿಂದಿನ ಒಂದು ಕಥೆ. ಅರಿಜೋನಾ ರಾಜ್ಯದ ಹಲೂನ್ ಮತ್ತು ಹೆಸ್ಟೆನಿಸ್ ಎಂಬ ಇಬ್ಬರು ವಿದ್ವಾಂಸರು 1985ರಲ್ಲಿ ಒಂದು ಕಹಿ ಸಂಗತಿಯನ್ನು ಪ್ರಕಟಿಸಿದ್ದರು: ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಪಾಸಾದವರು ಕೂಡ ಬಲ, ಚಲನೆಗಳ ವಿಷಯದಲ್ಲಿ ಓದುವ ಮುಂಚೆ ಇದ್ದ ತಪ್ಪು ತಿಳಿವಳಿಕೆಯನ್ನೇ ಇಟ್ಟುಕೊಂಡಿರುತ್ತಾರೆ ಎಂದು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಜೂರ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಆ ಬರಹ ತಮ್ಮ ಕಣ್ಣಿಗೆ ಬೀಳುವ ವೇಳೆಗೆ ಹಲವು ವರ್ಷಗಳಿಂದ ಪಾಠ ಹೇಳುತ್ತಿದ್ದರು. ವಿದ್ಯಾರ್ಥಿಗಳು ಮೆಚ್ಚಿದ್ದರು, ಪರೀಕ್ಷೆಯಲ್ಲಿ ಕಠಿಣವಾದ ಲೆಕ್ಕಗಳನ್ನು ಬಿಡಿಸುತ್ತಿದ್ದರು. ನಮ್ಮ ಹುಡುಗರು ಹಾಗಿರಲಾರರು ಎಂಬ ಧೈರ್ಯದಿಂದ ಅವರೂ ತಮ್ಮ ತರಗತಿಗೆ ಅಂಥ ಸುಲಭದ ಪ್ರಶ್ನೆಗಳನ್ನು ಕೊಟ್ಟರು.

ಎಂಥ ಪ್ರಶ್ನೆ? ನಮ್ಮ ಮುಂಬಯಿಯ ಮಾತಿನಲ್ಲಿ ಹೇಳುವುದಾದರೆ, ಬೆಸ್ಟ್ ಬಸ್ಸೊಂದು ಸ್ಕೂಟರಿಗೆ ಡಿಕ್ಕಿ ಹೊಡೆಯಿತೆನ್ನಿ. ಬಸ್ಸು ಸ್ಕೂಟರಿನ ಮೇಲೆ ಹಾಕಿದ ಬಲ ಹೆಚ್ಚೋ, ಸ್ಕೂಟರು ಬಸ್ಸಿನ ಮೇಲೆ ಹಾಕಿದ ಬಲ ಹೆಚ್ಚೋ? ಎರಡೂ ಸಮ ಎನ್ನುತ್ತದೆ ನ್ಯೂಟನ್ನನ ಮೂರನೆಯ ನಿಯಮ. ನುಜ್ಜುಗುಜ್ಜಾಗುವುದು ಸ್ಕೂಟರು, ಯಾಕೆಂದರೆ ಅಷ್ಟೇ ಬಲ ಅದರ ಅಲ್ಪ ತೂಕದ ಮೇಲೆ ಬಿದ್ದಿದೆ. ನಿಯಮವನ್ನು ಬಾಯಿಪಾಠ ಹೇಳಬಲ್ಲವರು, ಅದರ ಮೇಲೆ ಪುಟಗಟ್ಟಲೆ ಲೆಕ್ಕ ಮಾಡಬಲ್ಲವರು, ಈ ಪ್ರಶ್ನೆಗೆ ‘ದೊಡ್ಡದರ ಬಲವೇ ದೊಡ್ಡದು’ ಎಂದು ಬರೆದರು. ಆ ಪರೀಕ್ಷೆಯ ನಡುವೆ ಒಬ್ಬ ವಿದ್ಯಾರ್ಥಿನಿ ಕೇಳಿದಳಂತೆ: ಇದಕ್ಕೆ ಹೇಗೆ ಉತ್ತರಿಸಲಿ, ನೀವು ಕಲಿಸಿದ ಪ್ರಕಾರವೋ, ನಾನು ಯೋಚಿಸುವ ಪ್ರಕಾರವೋ?

ಈ ಪ್ರಶ್ನೆಯನ್ನು ಓದಿದಾಗ ನಮಗೆ ನಗು ಬಂತು, ಆಮೇಲೆ ಬರಲಿಲ್ಲ. ಒಬ್ಬ ಮನುಷ್ಯನೊಳಗೆ ಎರಡು ಖಾತೆಗಳಿವೆ, ಒಂದು ಪರೀಕ್ಷೆಯದು, ಒಂದು ನಂಬಿಕೆಯದು, ಮತ್ತು ಮೇಷ್ಟ್ರು ನೋಡುವುದು ಮೊದಲನೆಯದನ್ನು ಮಾತ್ರ ಎಂಬುದನ್ನು ಆ ಹುಡುಗಿ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದಳು. ಮಜೂರ್ ಅವರು 1991ರ ಸುಮಾರಿಗೆ ತಮ್ಮ ಪಾಠದ ಕ್ರಮವನ್ನೇ ಬದಲಿಸಿಕೊಂಡರು. ಸ್ವಲ್ಪ ಹೊತ್ತು ವಿವರಣೆ, ಆಮೇಲೆ ಒಂದು ಪ್ರಶ್ನೆ. ಒಂದೆರಡು ನಿಮಿಷ ಯಾರೂ ಮಾತಾಡದೆ ತಾವೇ ಯೋಚಿಸಿ ಉತ್ತರ ಕೊಡಬೇಕು. ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿಯದು ಸರಿಯಾದರೆ ಚುಟುಕಾಗಿ ವಿವರಿಸಿ ಮುಂದೆ ಹೋಗುವುದು. 30ಕ್ಕಿಂತ ಕಡಿಮೆಯಾದರೆ ಪಾಠವನ್ನೇ ಮತ್ತೆ ಹೇಳುವುದು. ನಡುವೆ ಇದ್ದರೆ ಅಕ್ಕಪಕ್ಕದವರೊಡನೆ ವಾದ ಮಾಡಿ ಎಂದು ಬಿಡುವುದು, ಬಳಿಕ ಅದೇ ಪ್ರಶ್ನೆಗೆ ಎರಡನೆಯ ಸಲ ಉತ್ತರ ಪಡೆಯುವುದು. ಈ ವಾದದ ಗಲಾಟೆಯೇ ಪಾಠ. ಆಗತಾನೆ ತಿಳಿದುಕೊಂಡ ಹುಡುಗನಿಗೆ ತನ್ನ ಗೆಳೆಯ ಎಲ್ಲಿ ಎಡವುತ್ತಿದ್ದಾನೆಂಬುದು ಮೂವತ್ತು ವರ್ಷದ ಹಿಂದೆ ತಿಳಿದುಕೊಂಡ ಪ್ರಾಧ್ಯಾಪಕನಿಗಿಂತ ಚೆನ್ನಾಗಿ ಕಾಣುತ್ತದೆ.

ಪಕ್ಕದ ಜಾಣನ ಉತ್ತರವನ್ನು ಉಳಿದವರು ನಕಲು ಮಾಡುತ್ತಾರೆ, ಅಷ್ಟೇ ಎಂದು ಯಾರಿಗಾದರೂ ಅನಿಸಬಹುದು. ನಮಗೂ ಅನಿಸಿತ್ತು. ಕೊಲರಾಡೊ ವಿಶ್ವವಿದ್ಯಾಲಯದ ತಳಿಶಾಸ್ತ್ರದ ತರಗತಿಯಲ್ಲಿ ಇದನ್ನು ಪರೀಕ್ಷಿಸಿ 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಚರ್ಚೆಯಾದ ಮೇಲೆ ಅದೇ ತತ್ವದ, ಆದರೆ ಬೇರೆ ಸಂದರ್ಭದ ಇನ್ನೊಂದು ಪ್ರಶ್ನೆಯನ್ನು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕೊಟ್ಟರೂ ಉತ್ತರಗಳು ಸುಧಾರಿಸಿದ್ದವು. ಗುಂಪಿನಲ್ಲಿ ಯಾರಿಗೂ ಮೊದಲು ಸರಿಯುತ್ತರ ತಿಳಿಯದಿದ್ದಾಗಲೂ ಸುಧಾರಣೆ ಕಂಡಿತ್ತು. ಇನ್ನೊಂದು ಸೂಕ್ಷ್ಮವಿದೆ. ಚರ್ಚೆಗೆ ಮುಂಚೆಯೇ ‘ಹೆಚ್ಚು ಮಂದಿ ಆರಿಸಿದ್ದು ಇದು’ ಎಂದು ಪರದೆಯ ಮೇಲೆ ಕಂಬಗಳ ನಕ್ಷೆಯನ್ನು ತೋರಿಸಿಬಿಟ್ಟರೆ ವಿದ್ಯಾರ್ಥಿಗಳು ವಾದ ಬಿಟ್ಟು ಎತ್ತರದ ಕಂಬದ ಕಡೆಗೆ ವಾಲುತ್ತಾರೆಂದು 2010ರ ಅಧ್ಯಯನವೊಂದು ಹೇಳಿತು. ಜನ ಹೋದ ಕಡೆಗೆ ತಾನೂ ಹೋಗುವ ಗುಣಕ್ಕೆ ವಿದ್ಯಾವಂತರೇನೂ ಹೊರತಲ್ಲ. ಆದ್ದರಿಂದ ಬಲ್ಲ ಅಧ್ಯಾಪಕರು ಮೊದಲ ಫಲಿತಾಂಶವನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ.

ಹಾಗಾದರೆ ಈ ಪೆಟ್ಟಿಗೆಗೆ ಹಣ ಸುರಿಯಲೇಬೇಕೇ? ಬೇಕಿಲ್ಲ. ಮಜೂರ್ ಅವರೇ ಮೊದಮೊದಲು ಅಕ್ಷರ ಬರೆದ ರಟ್ಟಿನ ಚೀಟಿಗಳನ್ನು ಎತ್ತಿಸುತ್ತಿದ್ದರು. ಕೆನಡಾದ ಕಾಲೇಜೊಂದರಲ್ಲಿ ಒಂದು ಗುಂಪಿಗೆ ಕ್ಲಿಕ್ಕರ್, ಇನ್ನೊಂದಕ್ಕೆ ರಟ್ಟಿನ ಚೀಟಿ ಕೊಟ್ಟು ಅದೇ ಕ್ರಮದಲ್ಲಿ ಪಾಠ ಮಾಡಿ ನೋಡಿದಾಗ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲವೆಂದು 2008ರಲ್ಲಿ ಪ್ರಕಟವಾಯಿತು. ಯಂತ್ರ ತಯಾರಿಸುವವರು ಇದನ್ನು ತಮ್ಮ ಜಾಹೀರಾತಿನಲ್ಲಿ ಹಾಕಿದ್ದನ್ನು ನಾವು ನೋಡಿಲ್ಲ.

ಇಷ್ಟನ್ನೆಲ್ಲ ಬರೆಯಲು ಕಾರಣ ನಮ್ಮದೇ ಸಂಘದ ಭಾನುವಾರದ ಕನ್ನಡ ವರ್ಗ. ಹೊರನಾಡಿನ ಇಂಥ ವರ್ಗಗಳ ಸ್ಥಿತಿ ಓದುಗರಿಗೆ ತಿಳಿಯದ್ದಲ್ಲ. ವಾರವೆಲ್ಲ ಇಂಗ್ಲಿಷ್ ಶಾಲೆ, ಕಟ್ಟಡದ ಅಂಗಳದಲ್ಲಿ ಹಿಂದಿ ಮರಾಠಿ, ಮನೆಯಲ್ಲಿ ಅರ್ಧಂಬರ್ಧ ಕನ್ನಡ ಅಥವಾ ತುಳು, ಕೊಂಕಣಿ. ಭಾನುವಾರ ಬೆಳಿಗ್ಗೆ ನಿದ್ದೆ ಬಿಟ್ಟು ಎರಡು ಗಂಟೆ ಕ ಕಾ ಕಿ ಕೀ. ಪಾಠ ಹೇಳುವ ಟೀಚರು ಸಂಬಳವಿಲ್ಲದೆ ದೂರದ ಉಪನಗರದಿಂದ ಲೋಕಲ್ ರೈಲು ಹಿಡಿದು ಬರುವವರು. ಎರಡು ವರ್ಷ ‘ಅರ್ಥವಾಯಿತೇ?’ ಎಂದು ಕೇಳಿ, ತಲೆಯಾಟ ನೋಡಿ ಬೇಸತ್ತ ಅವರು ಒಂದು ದಿನ ಕಾಗದದ ಒಂದು ಕಟ್ಟನ್ನು ತಂದರು. ಪ್ಲಿಕರ್ಸ್ ಎಂದು ಅದರ ಹೆಸರು. ಪ್ರತಿ ಕಾಗದದ ಮೇಲೆ ರಂಗೋಲಿಯ ಚೌಕದಂತೆ ಕಪ್ಪು ಬಿಳುಪಿನ ಒಂದು ಗುರುತು, ಒಂದೊಂದೂ ಬೇರೆ ಬೇರೆ. ನಾಲ್ಕು ಅಂಚಿಗೆ ನಾಲ್ಕು ಉತ್ತರ. ಯಾವ ಅಂಚನ್ನು ಮೇಲೆ ಮಾಡಿ ಹಿಡಿದರೋ ಅದೇ ಉತ್ತರ. ಟೀಚರು ತಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಹಾಯಿಸಿದರೆ ಎಲ್ಲ ಉತ್ತರಗಳೂ ಅವರ ಫೋನಿನಲ್ಲಿ ಲೆಕ್ಕವಾಗುತ್ತವೆ. ಮಕ್ಕಳ ಕೈಯಲ್ಲಿ ಯಾವ ಯಂತ್ರವೂ ಬೇಡ. ಖರ್ಚು, ಕಾಗದ ಮತ್ತು ಲ್ಯಾಮಿನೇಷನ್ ಮಾತ್ರ.

ಮೊದಲ ದಿನದ ಪ್ರಶ್ನೆ ಕಪ್ಪುಹಲಗೆಯ ಮೇಲೆ: ‘ಇದು ನನ್ನ ಚೀಲ ______’. ಉತ್ತರಗಳು: ಇಲ್ಲ, ಅಲ್ಲ, ಬೇಡ, ಆಗದು. ಇದ್ದ ಮಕ್ಕಳು 23. ‘ಅಲ್ಲ’ ಎಂದವರು ಆರು ಮಂದಿ! ‘ಇಲ್ಲ’ ಎಂದವರು ಹದಿನೈದು. ಎರಡು ವರ್ಷ ಪಾಠ ಕೇಳಿ, ಪದ್ಯ ಒಪ್ಪಿಸಿ, ವಾರ್ಷಿಕೋತ್ಸವದಲ್ಲಿ ನಾಟಕವಾಡಿದ ಮಕ್ಕಳಿವರು. ಟೀಚರು ಹಿಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಕಡೆ ನೋಡಿದರು. ನಾವು ನೆಲ ನೋಡಿದೆವು.

ಯೋಚಿಸಿದರೆ ಆಶ್ಚರ್ಯವಿಲ್ಲ. ಹಿಂದಿಯಲ್ಲಿ ‘ನಹೀಂ’ ಒಂದೇ ಎರಡು ಕೆಲಸವನ್ನೂ ಮಾಡುತ್ತದೆ. ಮರಾಠಿಯಲ್ಲಿ ‘ನವ್ಹೇ’ ಎಂಬುದು ಇದೆ, ಆದರೆ ಇಲ್ಲಿಯ ಮಕ್ಕಳ ಬಾಯಲ್ಲಿ ಓಡಾಡುವುದು ‘ನಾಹೀ’ ಮಾತ್ರ. ‘ಆ ವಸ್ತು ಇರುವುದಿಲ್ಲ’ ಎಂಬುದಕ್ಕೂ ‘ಆ ವಸ್ತು ಅದಾಗಿರುವುದಿಲ್ಲ’ ಎಂಬುದಕ್ಕೂ ನಮ್ಮ ಭಾಷೆ ಬೇರೆ ಬೇರೆ ಮಾತು ಇಟ್ಟುಕೊಂಡಿದೆಯೆಂಬುದು, ಆ ಭಾಷೆಯಲ್ಲೇ ಹುಟ್ಟಿದ ನಮಗೆ ಹೊಳೆಯುವುದೇ ಇಲ್ಲ. ಮೀನಿಗೆ ನೀರು ಕಾಣದಂತೆ.

ನೂರಕ್ಕೆ 30ಕ್ಕಿಂತ ಕಡಿಮೆ ಬಂದರೆ ಪಾಠವನ್ನು ಮತ್ತೆ ಹೇಳಬೇಕೆಂಬುದು ಹಾರ್ವರ್ಡಿನ ನಿಯಮ. ಟೀಚರು ನಿಯಮ ಪಾಲಿಸಲಿಲ್ಲ. ಯಾವುದು ಸರಿ ಎಂದು ಹೇಳದೆ, ‘ಪಕ್ಕದವರ ಹತ್ತಿರ ಮಾತಾಡಿ’ ಎಂದರು. ತುಳು ಮನೆಯ ಒಬ್ಬ ಹುಡುಗ ಎದ್ದೆದ್ದು ವಾದಿಸಿದ: ತಮ್ಮಲ್ಲಿ ಹಾಲು ‘ಇಜ್ಜಿ’, ಆದರೆ ಇದು ನನ್ನ ಚೀಲ ‘ಅತ್ತ್’, ಎರಡೂ ಒಂದೇ ಹೇಗಾಗುತ್ತದೆ? ಇನ್ನೊಂದು ಮೂಲೆಯಲ್ಲಿ, ಎಂದೂ ಬಾಯಿ ಬಿಡದ ಒಬ್ಬಳು ಹುಡುಗಿ ಪಕ್ಕದವಳಿಗೆ ಪಿಸುಗುಟ್ಟುತ್ತಿದ್ದಳು: ‘ಊರಿಂದ ಅಜ್ಜಿ ಫೋನ್ ಮಾಡಿ, ಯಾರು ಅಮ್ಮನಾ ಅಂತಾರಲ್ಲ, ಆಗ ಅಮ್ಮ ಅಲ್ಲ ಅಜ್ಜಿ, ನಾನು ಅಂತೀನಿ. ಅಮ್ಮ ಎಲ್ಲಿ ಅಂದ್ರೆ, ಅಮ್ಮ ಇಲ್ಲ ಅಂತೀನಿ.’ ಹೇಳಿ ಮುಗಿಸಿದವಳು ತನ್ನ ಮಾತಿಗೆ ತಾನೇ ಬೆರಗಾಗಿ ಕೂತಳು. ಮೊದಲ ಸಲ ಅವಳೂ ‘ಇಲ್ಲ’ ಎಂದೇ ಹಿಡಿದಿದ್ದಳು. ತನಗೆ ಗೊತ್ತಿದೆಯೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಎರಡನೆಯ ಸಲ ಕಾಗದ ಎತ್ತಿದಾಗ ಸರಿಯುತ್ತರಗಳು ಹತ್ತೊಂಬತ್ತು.

ಅಂದು ಸಂಜೆಯ ಸಮಿತಿ ಸಭೆಯಲ್ಲಿ ಸಂತೋಷದ ಜೊತೆಗೆ ಒಂದು ವಿರೋಧವೂ ಬಂತು. ನಮ್ಮ ಹಿರಿಯ ಸದಸ್ಯರೊಬ್ಬರು ಹನ್ನೆರಡನೆಯ ವಯಸ್ಸಿಗೆ ದಕ್ಷಿಣ ಕನ್ನಡದಿಂದ ಬಂದು, ಕೋಟೆ ಪ್ರದೇಶದ ಹೋಟೆಲಿನಲ್ಲಿ ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿದವರು. ಅವರೆಂದರು: ‘ನಾವು ಎದ್ದು ನಿಂತು ಗೊತ್ತಿಲ್ಲ ಸಾರ್ ಅಂತಿದ್ದೆವು. ಬೈಸಿಕೊಂಡೆವು, ಕಲಿತೆವು. ನೀವು ಮಕ್ಕಳಿಗೆ ಮುಖ ಮುಚ್ಚಿಕೊಂಡು ಉತ್ತರ ಹೇಳುವುದನ್ನು ಕಲಿಸುತ್ತಿದ್ದೀರಿ. ಮತಪೆಟ್ಟಿಗೆಗೆ ಗುಟ್ಟು ಬೇಕು, ಪಾಠಕ್ಕೆ ಯಾಕೆ? ನಾಳೆ ಇಂಟರ್‌ವ್ಯೂನಲ್ಲಿ ಕಾಗದ ಎತ್ತುತ್ತಾರೆಯೇ?’

ಈ ಮಾತು ತಳ್ಳಿಹಾಕುವಂಥದಲ್ಲ. ನಮ್ಮ ಪರಂಪರೆಯಲ್ಲಿಯೇ ಅದಕ್ಕೆ ಆಧಾರವಿದೆ. ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮನನ್ನು ಗೌತಮ ಋಷಿ ನಿನ್ನ ಗೋತ್ರ ಯಾವುದೆಂದು ಕೇಳುತ್ತಾನೆ. ಹುಡುಗ ತನಗೆ ಗೊತ್ತಿಲ್ಲವೆಂದೂ, ತಾಯಿಗೂ ಗೊತ್ತಿಲ್ಲವೆಂದೂ, ತಾಯಿ ಹೇಳಿದ ಕಾರಣವನ್ನೂ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತಾನೆ. ಅವನು ಕೈಯಲ್ಲಿ ಯಾವ ಚೀಟಿಯನ್ನೂ ಹಿಡಿದಿರಲಿಲ್ಲ. ಆದರೆ ಆ ಕಥೆಯಲ್ಲಿ ನಾವು ಸಾಮಾನ್ಯವಾಗಿ ಹುಡುಗನ ಧೈರ್ಯವನ್ನು ಹೊಗಳಿ ನಿಲ್ಲಿಸುತ್ತೇವೆ, ಗುರುವನ್ನು ಮರೆಯುತ್ತೇವೆ. ಗೌತಮ ನಗಲಿಲ್ಲ. ನಿಜದಿಂದ ಕದಲದ ನೀನೇ ಯೋಗ್ಯ ಎಂದು ಉಪನಯನಕ್ಕೆ ಸಮಿತ್ತು ತರಲು ಹೇಳಿದ. ‘ಗೊತ್ತಿಲ್ಲ’ ಎಂಬ ಮಾತಿಗೆ ಆ ಬೆಲೆ ಸಿಗುವ ಕಡೆ ಕಾಗದವೂ ಬೇಡ, ಗುಂಡಿಯೂ ಬೇಡ.

ನಮ್ಮ ಮಕ್ಕಳಿಗೆ ಸಿಕ್ಕಿರುವುದೇನು? ರಾತ್ರಿ ಶಾಲೆಯಲ್ಲಿ ಎಲ್ಲರೂ ಒಂದೇ ದೋಣಿಯವರು. ಎಲ್ಲರ ಕೈಯೂ ಸೋಡಾಪುಡಿಯಲ್ಲಿ ಸುಕ್ಕಾದದ್ದೇ. ಅಲ್ಲಿ ‘ಗೊತ್ತಿಲ್ಲ’ ಎಂದರೆ ನಗುವವರು ಯಾರು? ಇಂದಿನ ಮಗು ಮೇ ತಿಂಗಳಲ್ಲಿ ಊರಿಗೆ ಹೋಗಿ ‘ಅಜ್ಜ ಬಂತು’ ಎಂದು ತಪ್ಪಿ ಆಡಿದಾಗ ಅತ್ತೆ, ಮಾವ, ದೊಡ್ಡಪ್ಪನ ಮಕ್ಕಳೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದಾರೆ. ‘ಇನ್ನೊಮ್ಮೆ ಹೇಳು’ ಎಂದು ಹೇಳಿಸಿ ನಕ್ಕಿದ್ದಾರೆ. ಪ್ರೀತಿಯ ನಗುವೇ, ಇಲ್ಲವೆನ್ನುವುದಿಲ್ಲ. ಆದರೆ ಆ ಮಗು ಅಂದಿನಿಂದ ಅಜ್ಜನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುತ್ತದೆ. ತಪ್ಪು ಮಾಡುವ ಧೈರ್ಯ ಬೇಕು ಎಂದು ಮಕ್ಕಳಿಗೆ ಉಪದೇಶಿಸುವ ಮುಂಚೆ ತಪ್ಪನ್ನು ಕಂಡು ನಗದಿರುವ ಶಿಸ್ತು ನಮಗೆ ಬಂದಿದೆಯೇ ಎಂದು ಕೇಳಿಕೊಳ್ಳಬೇಕಾಗಿದೆ. ಅದು ಬರುವವರೆಗೆ ಒಂದು ಮರೆ ಬೇಕು. ಮಳೆಯಲ್ಲಿ ಕೊಡೆ ಹಿಡಿದವನನ್ನು ಹೇಡಿಯೆನ್ನುವುದಿಲ್ಲ.

ಇನ್ನು ನಮ್ಮ ತಪ್ಪಿನ ವಿಷಯ. ಇದನ್ನು ಬರೆಯದೆ ಬಿಟ್ಟರೆ ಮೇಲಿನದೆಲ್ಲ ಬರೀ ಜಾಣತನವಾದೀತು.

ಆ ಕಾಗದಗಳಿಗೆ ಸಂಖ್ಯೆಗಳಿವೆ. ಒಂದೊಂದು ಸಂಖ್ಯೆ ಒಂದೊಂದು ಮಗುವಿನದು. ಯಾರು ಏನು ಹಿಡಿದರೆಂಬುದು ಟೀಚರ ಫೋನಿನಲ್ಲಿ ಹೆಸರು ಸಹಿತ ಉಳಿಯುತ್ತದೆ. ಮೊದಲ ದಿನವೇ ಅವರು ಮಕ್ಕಳಿಗೆ ಹೇಳಿದ್ದರು: ನಿಮ್ಮ ಉತ್ತರ ನನಗೆ ಮಾತ್ರ ಕಾಣುತ್ತದೆ, ಬೇರೆ ಯಾರಿಗೂ ಅಲ್ಲ. ರಾಜ್ಯೋತ್ಸವ ಹತ್ತಿರ ಬಂದಾಗ ಸಮಿತಿಗೆ, ಅಂದರೆ ನಮಗೆ, ಒಂದು ಉಪಾಯ ಹೊಳೆಯಿತು. ಲೆಕ್ಕ ಸಿದ್ಧವಾಗಿಯೇ ಇದೆಯಲ್ಲ, ಹೆಚ್ಚು ಸರಿಯುತ್ತರ ಕೊಟ್ಟ ಮೂವರಿಗೆ ವೇದಿಕೆಯ ಮೇಲೆ ಬಹುಮಾನ ಕೊಟ್ಟರೆ ಹೇಗೆ? ತಂದೆತಾಯಿಗಳೂ ಬಹಳ ದಿನದಿಂದ ‘ನಮ್ಮ ಮಗು ಎಷ್ಟನೆಯದು?’ ಎಂದು ಕೇಳುತ್ತಿದ್ದರು. ಟೀಚರು ಒಂದು ಕ್ಷಣ ಸುಮ್ಮನಿದ್ದು, ‘ನೀವೆಲ್ಲ ಹೇಳಿದರೆ ಆಗಲಿ’ ಎಂದರು. ಆ ಒಂದು ಕ್ಷಣವನ್ನು ನಾವು ಒಪ್ಪಿಗೆಯೆಂದು ಓದಿದೆವು. ತಲೆಯಾಟವನ್ನು ಮೇಷ್ಟ್ರು ಓದುವ ಹಾಗೆಯೇ.

ಬಹುಮಾನ ಕೊಟ್ಟೆವು, ಚಪ್ಪಾಳೆಯಾಯಿತು, ಚಿತ್ರ ತೆಗೆದದ್ದಾಯಿತು. ಮುಂದಿನ ಭಾನುವಾರದಿಂದ ತರಗತಿಯಲ್ಲಿ ‘ಬಿ, ಬಿ’, ‘ಸಿ ಕಣೋ’ ಎಂಬ ಪಿಸುಮಾತು ಆರಂಭವಾಯಿತು. ಕಾಗದ ಎತ್ತುವ ಮುಂಚೆ ಕಣ್ಣುಗಳು ಜಾಣರ ಕಡೆ ಹೋಗತೊಡಗಿದವು. ಅಜ್ಜಿಯ ಫೋನಿನ ಹುಡುಗಿ ಕೂಡ. ಮೂರನೆಯ ವಾರ 22 ಮಂದಿಯಲ್ಲಿ 22 ಉತ್ತರವೂ ಸರಿ. ನಾವು ಅಭಿನಂದಿಸಲು ಹೋದರೆ ಟೀಚರು ಕಾಗದಗಳನ್ನು ರಬ್ಬರಿನಲ್ಲಿ ಕಟ್ಟುತ್ತ ಹೇಳಿದರು: ‘ಎಲ್ಲರದೂ ಸರಿಯಾಗಿದೆ. ಈಗ ನನಗೆ ಏನೂ ಗೊತ್ತಾಗುವುದಿಲ್ಲ.’

ಇದೇನು ನಮ್ಮ ಮಕ್ಕಳ ವಿಶೇಷ ದುರ್ಗುಣವಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ 2014ರಲ್ಲಿ ಒಂದು ತರಗತಿಯಲ್ಲಿ ಕ್ಲಿಕ್ಕರಿನ ಉತ್ತರವೇ ಹಾಜರಿಯ ಲೆಕ್ಕವಾಗಿತ್ತು, ಅದಕ್ಕೆ ಅಂಕವೂ ಇತ್ತು. ಬಾರದ ವಿದ್ಯಾರ್ಥಿಗಳು ತಮ್ಮ ಪೆಟ್ಟಿಗೆಯನ್ನು ಗೆಳೆಯರ ಕೈಯಲ್ಲಿ ಕಳಿಸಿದರು. ಗೆಳೆಯರು ಎರಡೆರಡು ಗುಂಡಿ ಒತ್ತಿದರು. ನಮ್ಮ ಕಾಲೇಜುಗಳಲ್ಲಿ ಗೆಳೆಯನ ಪರವಾಗಿ ‘ಎಸ್ ಸಾರ್’ ಎನ್ನುವುದರ ವಿದ್ಯುನ್ಮಾನ ಅವತಾರ. ಕೊನೆಗೆ 64 ವಿದ್ಯಾರ್ಥಿಗಳ ಮೇಲೆ ಆರೋಪ ಬಂತು. ಆ ತರಗತಿಯ ವಿಷಯ ಕ್ರೀಡೆ, ನೀತಿ ಮತ್ತು ಧರ್ಮ! ಓದುವವರಿಗೆ ಹಾಸ್ಯ, ಆದರೆ ಅಷ್ಟೊಂದು ಮಂದಿ ಒಟ್ಟಿಗೆ ಅಪ್ರಾಮಾಣಿಕರಾದರೆಂದರೆ, ಕಂಬಿ ತಪ್ಪಿಸಿದ ಕೈ ವಿದ್ಯಾರ್ಥಿಗಳದು ಮಾತ್ರವಲ್ಲವೆಂದು ನಮಗೆ ತೋರುತ್ತದೆ. ಅರಿಜೋನಾದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಎರಡು ಖಗೋಳಶಾಸ್ತ್ರದ ತರಗತಿಗಳನ್ನು ಹೋಲಿಸಿ 2006ರಲ್ಲಿ ಬರೆದ ಅಧ್ಯಯನ ಇದನ್ನೇ ಬೇರೆ ರೀತಿಯಲ್ಲಿ ತೋರಿಸಿದೆ. ತಪ್ಪು ಉತ್ತರಕ್ಕೆ ಕಡಿಮೆ ಅಂಕ ಕೊಡುತ್ತಿದ್ದ ತರಗತಿಯಲ್ಲಿ ಚರ್ಚೆಯೆಂದರೆ ಜಾಣನ ಭಾಷಣ. ತಪ್ಪಾದರೂ ಅಂಕ ಕಡಿಮೆಯಾಗದ ತರಗತಿಯಲ್ಲಿ ಇಬ್ಬರೂ ಹೆಚ್ಚು ಸಮನಾಗಿ ಮಾತಾಡಿದರು, ಭಿನ್ನಾಭಿಪ್ರಾಯವನ್ನು ಉಳಿಸಿಕೊಂಡರು. ಅದೇ ಪೆಟ್ಟಿಗೆ. ಒಂದು ಕಡೆ ಅದು ವೈದ್ಯರ ನಾಡಿಪರೀಕ್ಷೆ, ಇನ್ನೊಂದು ಕಡೆ ತೆರಿಗೆ ಅಧಿಕಾರಿಯ ತಪಾಸಣೆ. ತಪಾಸಣೆಗೆ ಬಂದವರಿಗೆ ಯಾರೂ ಇದ್ದದ್ದು ಇದ್ದಂತೆ ತೋರಿಸುವುದಿಲ್ಲ.

ಪ್ರಸಂಗವಶಾತ್ ಇನ್ನೊಂದು ಮಾತು. ನಾರ್ವೆಯಿಂದ 2013ರಲ್ಲಿ ಹೊರಟ ಕಹೂಟ್ ಎಂಬ ಆಟ ಈಗ ಶಾಲೆಗಳಲ್ಲಿ ಬಹಳ ಜನಪ್ರಿಯ. ಅದರಲ್ಲಿ ಬೇಗ ಉತ್ತರಿಸಿದವರಿಗೆ ಹೆಚ್ಚು ಅಂಕ, ಮುಂದಿರುವವರ ಹೆಸರು ಪರದೆಯ ಮೇಲೆ, ಜೊತೆಗೆ ಸಂಗೀತ. ಮಕ್ಕಳು ಕುಣಿದಾಡುತ್ತಾರೆ, ನಿಜ. ಹುಟ್ಟುಹಬ್ಬಕ್ಕೆ ಒಳ್ಳೆಯದು. ಆದರೆ ನಿಧಾನವಾಗಿ ಯೋಚಿಸುವ ಮಗುವಿಗೆ ಅದು ಕಲಿಸುವುದು ಏನೆಂದು ಅದನ್ನು ಆಡಿಸುವ ಅಧ್ಯಾಪಕರು ಒಮ್ಮೆ ಕೂತು ಯೋಚಿಸಲಿ.

ತಪ್ಪು ಗೊತ್ತಾದ ಮೇಲೆ ಸರಿಪಡಿಸುವುದು ನಾವು ಅಂದುಕೊಂಡಷ್ಟು ಸರಳವಾಗಿರಲಿಲ್ಲ. ಹೆಸರುಗಳನ್ನೇ ಅಳಿಸಿಬಿಡೋಣ, ಕಾಗದಗಳನ್ನು ರಾಶಿ ಹಾಕಿ ಮಕ್ಕಳು ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳಲಿ, ಆಗ ಟೀಚರಿಗೂ ಯಾರದೆಂದು ತಿಳಿಯುವುದಿಲ್ಲ, ಪೂರ್ತಿ ನಿರ್ಭಯ ಎಂದು ನಾವು ಸೂಚಿಸಿದೆವು. ಟೀಚರು ಒಪ್ಪಲಿಲ್ಲ. ‘ಇಪ್ಪತ್ತಮೂರರಲ್ಲಿ ಇಬ್ಬರಿಗೆ ತಿಳಿದಿಲ್ಲ ಎಂದಷ್ಟೇ ಗೊತ್ತಾದರೆ ಆ ಇಬ್ಬರನ್ನು ನಾನು ಎಲ್ಲಿ ಹುಡುಕಲಿ? ಅವರು ಪ್ರತಿ ವಾರ ಅದೇ ಇಬ್ಬರಾಗಿದ್ದರೆ?’ ಎಂದು ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ. ಯಾರಿಗೂ ಕಾಣದಂತೆ ಬಚ್ಚಿಟ್ಟ ಅಜ್ಞಾನಕ್ಕೆ ಅವಮಾನವೂ ಇಲ್ಲ, ಔಷಧವೂ ಇಲ್ಲ. ಗುಟ್ಟು ಒಳ್ಳೆಯದೋ ಕೆಟ್ಟದ್ದೋ ಎಂದು ಅಷ್ಟು ದಿನ ವಾದಿಸಿದ್ದ ನಾವು, ಯಾರಿಂದ ಗುಟ್ಟು ಎಂದು ಕೇಳಿಕೊಂಡಿರಲಿಲ್ಲ. ಪಕ್ಕದ ಬೆಂಚಿನಿಂದ ಬೇಕು. ಸಮಿತಿಯಿಂದ ಖಂಡಿತ ಬೇಕು. ತಂದೆತಾಯಿಗಳಿಂದಲೂ ಬೇಕೆಂದು ಟೀಚರ ವಾದ. ಇಲ್ಲಿ ನಮ್ಮಲ್ಲಿ ಇನ್ನೂ ಎರಡು ಅಭಿಪ್ರಾಯವಿದೆ, ಮಗುವಿನ ಹಿಂದುಳಿಕೆ ತಿಳಿಯುವ ಹಕ್ಕು ಹೆತ್ತವರಿಗೆ ಇಲ್ಲವೆನ್ನುವುದು ಹೇಗೆ? ‘ಏನು ಬರುವುದಿಲ್ಲ ಎಂದು ಹೇಳುತ್ತೇನೆ, ಎಷ್ಟನೆಯದು ಎಂದು ಹೇಳುವುದಿಲ್ಲ’ ಎಂಬುದು ಸದ್ಯಕ್ಕೆ ಅವರು ಒಪ್ಪಿರುವ ಗಡಿ. ಗುರುವಿನಿಂದ ಮಾತ್ರ ಗುಟ್ಟಿರಕೂಡದು. ಆದರೆ ಹಾಗೆ ತೋರಿಸಿಕೊಂಡ ಮಗುವಿಗೆ ಗುರು ಕೊಟ್ಟ ಮಾತನ್ನು ನಾವೇ ಮುರಿದಿದ್ದೇವೆ. ಮುರಿದ ಮಾತನ್ನು ಮತ್ತೆ ಕೊಟ್ಟರೆ ಮಕ್ಕಳು ನಂಬುತ್ತಾರೆಯೇ ಎಂಬುದು ಆ ಕಾಗದದಲ್ಲಿ ಕೇಳಬಹುದಾದ ಪ್ರಶ್ನೆಯಲ್ಲ.

ಟೀಚರು ಒಂದು ಭಾನುವಾರ ನಮ್ಮನ್ನು ಮಕ್ಕಳ ಮುಂದೆ ಕೂರಿಸಿ, ಇನ್ನು ಮುಂದೆ ಈ ಲೆಕ್ಕದಿಂದ ಬಹುಮಾನವಿಲ್ಲ, ವರ್ಷದ ಕೊನೆಗೆ ಎಲ್ಲವನ್ನೂ ಅಳಿಸಲಾಗುವುದು ಎಂದು ನಮ್ಮ ಬಾಯಿಂದಲೇ ಹೇಳಿಸಿದರು. ಇನ್ನೊಂದು ಬದಲಾವಣೆಯನ್ನೂ ಮಾಡಿದ್ದಾರೆ: ಪ್ರತಿ ಪ್ರಶ್ನೆಯ ನಾಲ್ಕನೆಯ ಉತ್ತರ ಈಗ ‘ನನಗೆ ಗೊತ್ತಿಲ್ಲ’. ಊಹಿಸಿ ಹೇಳುವ ಅಗತ್ಯವಿಲ್ಲ. ಮೊದಲ ವಾರ ಅದನ್ನು ಒಬ್ಬರೂ ಹಿಡಿಯಲಿಲ್ಲ. ಎರಡನೆಯ ವಾರ ಒಬ್ಬರು. ಮೊನ್ನೆ ಐವರು. ಪಿಸುಮಾತು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ.

ನಮ್ಮ ಹಿರಿಯ ಸದಸ್ಯರ ಆಕ್ಷೇಪಕ್ಕೆ ಮರ್ಯಾದೆ ಕೊಟ್ಟು ಕೊನೆಯ ಒಂದು ಪ್ರಶ್ನೆಯನ್ನು ಕಾಗದವಿಲ್ಲದೆ, ಕೈಯೆತ್ತಿಸಿಯೇ ಕೇಳಲಾಗುತ್ತಿದೆ. ಎತ್ತುವ ಕೈಗಳು ನಾಲ್ಕೋ ಐದೋ, ಹೆಚ್ಚಾಗಿ ಅವೇ ಕೈಗಳು. ಅದನ್ನು ನೋಡಲೆಂದು ಅವರು ಮೊನ್ನೆ ಬಂದು ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಕೂತಿದ್ದರು. ಅಂದಿನ ಪಾಠ ಅಲ್ಪಪ್ರಾಣ ಮಹಾಪ್ರಾಣ. ‘ವಿದ್ಯಾರ್ಥಿ’ ಎಂದು ಬರೆಯುವುದು ಹೇಗೆ ಎಂಬ ಪ್ರಶ್ನೆ ಹಲಗೆಯ ಮೇಲಿತ್ತು. ಟೀಚರು ಉಳಿದಿದ್ದ ಒಂದು ಕಾಗದವನ್ನು ಅವರ ಕೈಗೂ ಕೊಟ್ಟರು. ಬೇಡವೆನ್ನುತ್ತಾರೆಂದು ನಾವು ತಿಳಿದೆವು. ಕನ್ನಡಕ ಸರಿಮಾಡಿಕೊಂಡು ಹಲಗೆಯನ್ನು ಸ್ವಲ್ಪ ಹೊತ್ತು ನೋಡಿದರು, ಕಾಗದವನ್ನು ಎರಡು ಸಲ ತಿರುಗಿಸಿದರು, ಆಮೇಲೆ ಎತ್ತಿ ಹಿಡಿದರು. ಯಾವ ಅಂಚು ಮೇಲಿತ್ತೆಂದು ನಾವು ಕೇಳಿಲ್ಲ.